ಕೆಂಪು ಗುರುತಿನ ಚೀಟಿಗಳು

ನನ್ನ ಸೋದರತ್ತೆ ಇಪ್ಪತ್ತಾರು ವರ್ಷದಿಂದ ಒಂದು ದೊಡ್ಡ ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ದುಡಿಯುತ್ತಿರುವವಳು. ರೋಗಿಗಳ ಮಂಚದಿಂದ ಬಿಚ್ಚಿದ ಚಾದರ, ದಿಂಬಿನ ಚೀಲ, ಹೊದಿಕೆ ಎಲ್ಲ ಮೊದಲು ಬಂದು ಬೀಳುವುದು ಅವಳ ಮುಂದೆ. ರಕ್ತದ್ದು ಒಂದು ಗುಡ್ಡೆ, ವಾಂತಿಯದ್ದು ಒಂದು ಗುಡ್ಡೆ, ಬರೀ ಬೆವರಿನದ್ದು ಇನ್ನೊಂದು ಗುಡ್ಡೆ. ತಣ್ಣೀರಿಗೆ ಯಾವುದು, ಹಂಡೆಗೆ ಯಾವುದು ಎಂದು ನೋಡಿದ ಕೂಡಲೇ ಹೇಳುತ್ತಾಳೆ. ಕೆಲಸ ಮುಗಿಸಿ ಮಧ್ಯಾಹ್ನ ಮೂರಕ್ಕೆ ಮನೆಗೆ ಬಂದರೆ ಅವಳಿಗಿಂತ ಮೊದಲು ಫಿನಾಯಿಲಿನ ವಾಸನೆ ಬಾಗಿಲು ದಾಟಿರುತ್ತಿತ್ತು. ನಾವು ಮಕ್ಕಳೆಲ್ಲ ಅವಳನ್ನು ಫಿನಾಯಿಲತ್ತೆ ಎಂದೇ ಕರೆದವರು. ಅವಳೇನೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ.

"ಹೇಸಿಗೆ ಆಗಲ್ವಾ ಅತ್ತೆ?" ಎಂದು ಚಿಕ್ಕವಳಿದ್ದಾಗ ಒಮ್ಮೆ ಕೇಳಿದ್ದೆ.

"ಯಾವುದಕ್ಕೆ? ಮೈಯಿಂದ ಬಂದದ್ದು ಬಿಸಿನೀರಿಗೆ ಹೋಗುತ್ತೆ ಕಣೇ. ಅದರಲ್ಲಿ ಹೇಸಿಗೆ ಪಡೋದೇನಿದೆ?" ಎಂದು ನಕ್ಕಿದ್ದಳು.

ಮಾವ ರಾತ್ರಿ ಬಸ್ಸಿನ ಚಾಲಕ. ರಾತ್ರಿಯೆಲ್ಲ ಬಸ್ಸು ಓಡಿಸಿ ಹಗಲು ಪರದೆ ಎಳೆದುಕೊಂಡು ಮಲಗುವ ಮನುಷ್ಯ. ಮಕ್ಕಳಿರಲಿಲ್ಲ. ಇಬ್ಬರೂ ಎಚ್ಚರವಾಗಿ ಎದುರುಬದುರು ಕೂರುತ್ತಿದ್ದದ್ದು ಸಂಜೆಯ ಎರಡು ಮೂರು ಗಂಟೆ ಮಾತ್ರ. ಅಷ್ಟರಲ್ಲೇ ಅವರ ಸಂಸಾರವೆಲ್ಲ ನಡೆದುಹೋಯಿತು. ಮಾವ ನಿವೃತ್ತಿಯಾಗಿ ಎರಡು ವರ್ಷಕ್ಕೆ ಶ್ವಾಸಕೋಶದ ಕಾಯಿಲೆ ಬಂದು ಅತ್ತೆಯ ಆಸ್ಪತ್ರೆಗೇ ಸೇರಿದರು. ಮೊದಲ ದಿನ ಹದಿನಾಲ್ಕನೇ ನಂಬರಿನ ಹಾಸಿಗೆ ಕೊಟ್ಟಿದ್ದರು. ಬಟ್ಟೆ ಒಣಗಿಸುವ ಅಂಗಳದಿಂದ ಆ ಹಾಸಿಗೆ ಕಾಣುವುದಿಲ್ಲ ಎಂದು ಅತ್ತೆ ದಾದಿಯ ಕೈಕಾಲು ಹಿಡಿದು ಮರುದಿನವೇ ಕಿಟಕಿ ಪಕ್ಕದ ಒಂಬತ್ತಕ್ಕೆ ಹಾಕಿಸಿಕೊಂಡಳು. ಅಲ್ಲಿಂದ ಮಾವ ಕೈ ಎತ್ತಿದರೆ ಅಂಗಳದಲ್ಲಿ ನಿಂತ ಇವಳಿಗೆ ಕಾಣುತ್ತಿತ್ತು. ಐದು ದಿನ ಕೈ ಎತ್ತಿದರು. ಆರನೆಯ ದಿನ ತೀರಿಕೊಂಡರು.

ಅದಾಗಿ ಮೂರು ವಾರಕ್ಕೆ ಅತ್ತೆಯ ಫೋನಿಗೆ ಒಂದು ಸಂದೇಶ ಬಂತು. ಹಾಸಿಗೆ ಸಂಖ್ಯೆ ೧೪ರ ರೋಗಿಯ ಕುಟುಂಬದವರಿಗೆ ಸಂತಾಪಗಳು, ಮೃತರ ಹೆಸರಿನಲ್ಲಿ ಪರಿಹಾರದ ಮೊತ್ತ ಮಂಜೂರಾಗಿದೆ, ವಿವರ ಖಚಿತಪಡಿಸಿಕೊಳ್ಳಲು ನಮ್ಮ ಪ್ರತಿನಿಧಿ ಕರೆ ಮಾಡುತ್ತಾರೆ ಎಂದಿತ್ತು. ಮಾವನ ಪೂರ್ತಿ ಹೆಸರು, ತೀರಿಕೊಂಡ ತಾರೀಕು ಎಲ್ಲ ಸರಿಯಾಗಿತ್ತು. ಆ ಹದಿನಾಲ್ಕು ಎಂಬುದು ಆಗ ಅವಳ ಕಣ್ಣಿಗೆ ಬೀಳಲಿಲ್ಲ.

ಮರುದಿನ ನಾಲ್ಕು ಗಂಟೆಗೆ ಕರೆ ಬಂತು. ಹೆಣ್ಣು ದನಿ, ಚಿಕ್ಕ ವಯಸ್ಸು.

"ಅಮ್ಮಾ, ಊಟ ಆಯ್ತಾ?"

ಮಾವ ಹೋದ ಮೇಲೆ ಆ ಮಾತನ್ನು ಅತ್ತೆಗೆ ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಭಾನುವಾರ ಫೋನ್ ಮಾಡಿ ಎರಡು ನಿಮಿಷ ಮಾತಾಡಿ, ಏನಾದ್ರೂ ಬೇಕಿದ್ರೆ ಹೇಳು ಎಂದು ಇಟ್ಟುಬಿಡುತ್ತಿದ್ದೆ.

ಮೊದಲ ದಿನ ಆ ಹುಡುಗಿ ಏನೂ ಕೇಳಲಿಲ್ಲ. ಸಮಾಧಾನ ಮಾಡಿದಳು ಅಷ್ಟೆ. ಎರಡನೆಯ ದಿನ, "ಅಪ್ಪಾವ್ರು ಹೇಗಿದ್ರಮ್ಮಾ, ಹೇಳಿ, ಹೇಳ್ಕೊಂಡ್ರೆ ಹಗುರ ಆಗುತ್ತೆ" ಎಂದಳು. ಅತ್ತೆ ಹೇಳಿದಳು. ರಾತ್ರಿಯೆಲ್ಲ ಎದ್ದಿರುತ್ತಾರೆಂದು ಗಂಡನಿಗೆ ತಾನು ಗೂಬೆ ಎಂದು ಹೆಸರಿಟ್ಟದ್ದು, ಮನೆಯೊಳಗೆ ಇಬ್ಬರೇ ಇದ್ದಾಗ ಮಾತ್ರ ಹಾಗೆ ಕರೆಯುತ್ತಿದ್ದದ್ದು, ಕೊನೆಯ ದಿನ ಜ್ವರದ ಮಂಪರಿನಲ್ಲಿ ಮಾವ ತಾನು ಬಸ್ಸಿನಲ್ಲಿದ್ದೇನೆಂದುಕೊಂಡು "ಎಲ್ಲ ಹತ್ತಿದ್ರಾ?" ಎಂದು ಕೇಳಿದ್ದು, ತಾನು "ಹತ್ತಿದ್ರು, ಹೊರಡು" ಎಂದದ್ದು. ಇದನ್ನೆಲ್ಲ ನಮ್ಮ ಮನೆಯವರಲ್ಲಿ ಒಬ್ಬರಿಗೂ ಅವಳು ಹೇಳಿರಲಿಲ್ಲ. ಆ ಕಡೆ ಹುಡುಗಿ ಮೂಗು ಎಳೆದುಕೊಂಡ ಸದ್ದು ಕೇಳಿಸಿತಂತೆ. ಅತ್ತೆಯೇ ಅವಳನ್ನು ಸಮಾಧಾನ ಮಾಡಿದಳಂತೆ.

ಮೂರನೆಯ ದಿನ ಹುಟ್ಟಿದ ತಾರೀಕು, ಯಾವ ಬ್ಯಾಂಕು ಎಂದು ವಿಚಾರಿಸಿದಳು. ನಾಲ್ಕನೆಯ ದಿನ ಕಾರ್ಡಿನ ಮುಂದಿನ ಅಂಕಿ, ಹಿಂದಿನ ಅಂಕಿ. "ಯಾರಿಗೂ ಹೇಳ್ಬೇಡಿ ಅಮ್ಮಾ. ದುಡ್ಡು ಬರುತ್ತೆ ಅಂದ್ರೆ ನೆಂಟರೆಲ್ಲ ಪಾಲು ಕೇಳೋಕೆ ಬರ್ತಾರೆ. ನಂಗೆ ಗೊತ್ತು, ನಮ್ಮಮ್ಮಂಗೂ ಹಾಗೇ ಆಯ್ತು" ಎಂದಳು. ಅತ್ತೆಗೆ ದುಡ್ಡಿನ ಆಸೆ ಅಷ್ಟಿರಲಿಲ್ಲ. ಆದರೆ ತನ್ನ ಕಷ್ಟಕ್ಕೆ ಅತ್ತ ಹುಡುಗಿಗೆ ಇಲ್ಲ ಎನ್ನುವುದು ಹೇಗೆ?

ಐದನೆಯ ದಿನ ದನಿಯಲ್ಲಿ ಸ್ವಲ್ಪ ಅವಸರ ಇತ್ತು. "ಇವತ್ತೇ ಕೊನೆ ದಿನ ಅಮ್ಮಾ, ಸಂಜೆಯೊಳಗೆ ಫೈಲು ಮುಚ್ಚಿಬಿಡ್ತಾರೆ. ಈಗ ನಿಮ್ಮ ಫೋನಿಗೆ ಆರು ಅಂಕಿ ಬರುತ್ತೆ, ಓದಿ ಹೇಳಿ ಸಾಕು."

ಅಂಕಿ ಬಂತು. ಅತ್ತೆ ಕನ್ನಡಕ ಹುಡುಕಿ ಹಾಕಿಕೊಂಡು, "ನಾಲ್ಕು... ಒಂದು... ಏಳು..." ಎಂದಳು. ಅಷ್ಟರಲ್ಲಿ ಪರದೆಯ ಬೆಳಕು ಆರಿತು. ಮತ್ತೆ ಹೊತ್ತಿಸಲು ತಡಕಾಡುತ್ತಿದ್ದಾಗ ಹುಡುಗಿ ಬೇಸರ ಆಗದಿರಲೆಂದು ಮಾತು ತುಂಬಿಸಿದಳು:

"ನಿಧಾನಕ್ಕೆ ನೋಡಿ ಅಮ್ಮಾ. ಇಲ್ಲಿ ಆಫೀಸಿನ ಫೈಲಲ್ಲಿ ಅಪ್ಪಾವ್ರ ಅಡ್ಡಹೆಸರೂ ಬರೆದಿದಾರೆ ನೋಡಿ, ಗೂಬೆ ಅಂತ. ನಂಗೆ ನಗು ಬಂತು."

ಅತ್ತೆಯ ಬೆರಳು ನಿಂತಿತು. ಯಾವ ಆಫೀಸಿನವರು ಆ ಹೆಸರು ಬರೆದಾರು? ಮೂವತ್ತು ವರ್ಷ ಬಾಗಿಲು ಹಾಕಿದ ಮನೆಯೊಳಗೆ ಮಾತ್ರ ಇದ್ದ ಹೆಸರು. ಮೊನ್ನೆ ಅಳುತ್ತಾ ತಾನೇ ಹೇಳಿದ್ದು. ತಾನು ಅಳುತ್ತಿದ್ದಾಗ ಆ ಕಡೆ ಇವರು ಒಂದೊಂದನ್ನೂ ಬರೆದುಕೊಳ್ಳುತ್ತಿದ್ದರು.

"ಆ ಹೆಸರು ಫೈಲಲ್ಲಿ ಎಲ್ಲಿಂದ ಬಂತಮ್ಮಾ?" ಎಂದು ಕೇಳಿದಳು.

ಹುಡುಗಿ ತಡವರಿಸಿದಳು. "ಮೊದಲು ಉಳಿದ ಮೂರು ಹೇಳಿ ಅಮ್ಮಾ, ಟೈಮಿಲ್ಲ" ಎಂದಳು.

"ಹೇಳಲ್ಲ."

ಅದೇ ಗಂಟಲಿನಿಂದ ಇನ್ಯಾರೋ ಮಾತಾಡಿದ ಹಾಗೆ ಬೈಗುಳ ಬಂತು. ಅದನ್ನು ನಾನಿಲ್ಲಿ ಬರೆಯಲಾರೆ. ಕೊನೆಯದೊಂದನ್ನು ಮಾತ್ರ ಬರೆಯುತ್ತೇನೆ, ಏಕೆಂದರೆ ಅತ್ತೆ ಇಂದಿಗೂ ಮರೆತಿಲ್ಲ. "ಮುದುಕಿ, ನಿನ್ನ ಗೂಬೆ ಹತ್ತಿದ ಬಸ್ಸಿಗೆ ನೀನೂ ಹತ್ತು, ಹೊರಡು."

ಅತ್ತೆ ಬಚ್ಚಲಿಗೆ ಹೋಗಿ ವಾಂತಿ ಮಾಡಿದಳು. ಇಪ್ಪತ್ತಾರು ವರ್ಷ ಯಾರ್ಯಾರದೋ ವಾಂತಿ ತೊಳೆದವಳು ಅಂದು ತನ್ನದನ್ನು ತೊಳೆದು, ಬಾಯಿ ಮುಕ್ಕಳಿಸಿ, ಕಾರ್ಡು ಕೈಯಲ್ಲಿ ಹಿಡಿದುಕೊಂಡು ಬ್ಯಾಂಕಿಗೆ ಓಡಿದಳು. ಓಡುತ್ತಲೇ ಕಾರ್ಡಿನ ಹಿಂದೆ ಅಚ್ಚಾಗಿದ್ದ ನಂಬರಿಗೆ ಫೋನ್ ಮಾಡಿ ಕಾರ್ಡು ನಿಲ್ಲಿಸಲು ಹೇಳಿದಳು. ಆ ಬುದ್ಧಿ ಆ ಹೊತ್ತಿನಲ್ಲಿ ಅವಳಿಗೆ ಹೇಗೆ ಹೊಳೆಯಿತೋ ತಿಳಿಯದು. ಬ್ಯಾಂಕಿನಲ್ಲಿ ಸಾಲು ಬಾಗಿಲಿನವರೆಗಿತ್ತು. ಎಲ್ಲರ ಹಿಂದೆ ನಿಂತೇ, "ನನಗೆ ಮೋಸ ಆಗ್ತಿದೆ, ಈಗಲೇ ಆಗ್ತಿದೆ, ದಾರಿ ಬಿಡಿ" ಎಂದು ಕೂಗಿದಳು. ನಾಚಿಕೆಪಟ್ಟು ಸಾಲಿನಲ್ಲಿ ನಿಂತಿದ್ದರೆ ಕೆಲಸ ಕೆಡುತ್ತಿತ್ತು.

ಗುಮಾಸ್ತ ಪರದೆ ನೋಡಿ, "ಎರಡು ಸಲ ತೆಗೆಯೋಕೆ ನೋಡಿದಾರೆ. ಅಂಕಿ ಪೂರ್ತಿ ಹೇಳಿಲ್ಲ ತಾನೆ?" ಎಂದ.

"ಮೂರು ಹೇಳಿದೆ."

"ಇನ್ನು ಮೂರು ಹೇಳಿದ್ರೆ ಮುಗೀತಿತ್ತು. ಆ ಅಂಕಿ ಅಂದ್ರೆ ನಿಮ್ಮ ಸಹಿ ಇದ್ದ ಹಾಗೆ ಅಮ್ಮಾ. ನಾನು ಕೇಳಿದ್ರೂ ಹೇಳ್ಬಾರ್ದು, ನಮ್ಮ ಮ್ಯಾನೇಜರು ಕೇಳಿದ್ರೂ ಹೇಳ್ಬಾರ್ದು. ಇವತ್ತು ನೀವು ಐದನೆಯವರು."

ದುಡ್ಡು ಹೋಗಲಿಲ್ಲ. ಸಂಜೆ ಅವಳು ಫೋನ್ ಮಾಡಿ ಹೇಳಿದಾಗ ನಾನು, "ಸದ್ಯ, ಏನೂ ಹೋಗಲಿಲ್ಲವಲ್ಲ" ಎಂದುಬಿಟ್ಟೆ. "ಏನೂ ಹೋಗಲಿಲ್ವಾ?" ಎಂದು ಅತ್ತೆ ಫೋನ್ ಇಟ್ಟುಬಿಟ್ಟಳು. ನಾನು ಅವಳ ಮನೆಗೆ ಹೋದಾಗ ಫೋನನ್ನು ಫಿನಾಯಿಲಿನಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜುತ್ತಾ ಕೂತಿದ್ದಳು. ಮಾತು ಕೇಳುವ ತೂತಿಗೆ ನೀರು ಹೋಗಿ ಅದು ಗೊರಗೊರ ಎನ್ನುತ್ತಿತ್ತು. ಅದೇ ಫೋನಿನಲ್ಲಿ ಆ ಸಂದೇಶ ತೆಗೆದು ನನಗೆ ತೋರಿಸುವಾಗ ಅವಳ ಕಣ್ಣು ಹದಿನಾಲ್ಕರ ಮೇಲೆ ನಿಂತಿತು.

"ಇದು ಹದಿನಾಲ್ಕು ಅಂತಿದೆಯಲ್ಲೇ?"

ಮಾವ ಸತ್ತದ್ದು ಒಂಬತ್ತರಲ್ಲಿ. ಮರಣ ಪತ್ರ, ವೈದ್ಯರ ಟಿಪ್ಪಣಿ, ಬಿಲ್ಲು, ಎಲ್ಲದರಲ್ಲೂ ಒಂಬತ್ತೇ ಇತ್ತು. ಹದಿನಾಲ್ಕು ಎಂದು ಬರೆದ ಕಾಗದ ಪ್ರಪಂಚದಲ್ಲಿ ಒಂದೇ ಒಂದು. ಅದನ್ನು ಬರೆದವಳು ಅತ್ತೆಯೇ.

ಬಟ್ಟೆ ಚೀಟಿ ಎಂದು ಕರೆಯುತ್ತಿದ್ದರು ಅದನ್ನು. ರೋಗಿ ಸೇರಿದ ದಿನ ಎರಡು ಚಾದರ, ಒಂದು ಹೊದಿಕೆ ಕೊಟ್ಟು, ಹೆಸರು, ಹಾಸಿಗೆ ನಂಬರು, ಮನೆಯವರ ಫೋನು, ವಿಳಾಸ ಬರೆದಿಟ್ಟುಕೊಳ್ಳುತ್ತಾರೆ. ಯಾರಾದರೂ ಹೊದಿಕೆ ಸುತ್ತಿಕೊಂಡು ಮನೆಗೆ ಹೋದರೆ ಫೋನ್ ಮಾಡಿ ತರಿಸಿಕೊಳ್ಳಲಿಕ್ಕೆ. ರೋಗಿ ತೀರಿಕೊಂಡರೆ ಚೀಟಿಯ ಮೂಲೆಗೆ ಕೆಂಪು ಗುರುತು, ಪಕ್ಕದಲ್ಲಿ ತಾರೀಕು. ಅವರ ಬಟ್ಟೆ ಬೇರೆ ಹಂಡೆಗೆ. ಮಾವನ ಚೀಟಿಗೆ ಕೆಂಪು ಗುರುತು ಹಾಕಿದ್ದೂ ಅತ್ತೆಯೇ. ಗೆರೆ ಬೇಕಾದ್ದಕ್ಕಿಂತ ಉದ್ದ ಹೋಗಿತ್ತು. ಹಾಸಿಗೆ ನಂಬರು ತಿದ್ದಲು ಮರೆತಿದ್ದಳು.

ಮರುದಿನ ಚೀಟಿಗಳ ಬೀರು ತೆಗೆದಳು. ಚೀಟಿಗಳನ್ನು ತಾರೀಕಿನ ಪ್ರಕಾರ ಕಟ್ಟಿಡುವುದು ಅವಳ ಪದ್ಧತಿ. ಈಗ ಮೂರು ತಿಂಗಳ ಕಟ್ಟುಗಳಿಂದ ಕೆಂಪು ಗುರುತಿನವನ್ನು ಮಾತ್ರ ಆರಿಸಿ ಯಾರೋ ಬೇರೆ ರಬ್ಬರು ಹಾಕಿ ಇಟ್ಟಿದ್ದರು. ಮೇಲಿನ ಚೀಟಿಯ ಮೇಲೆ ಟೀ ಲೋಟದ ದುಂಡನೆಯ ಕಲೆ. ಆ ಬೀರುವಿಗೆ ಎರಡೇ ಬೀಗದಕೈ. ಒಂದು ಅವಳದು, ಇನ್ನೊಂದು ಉಗ್ರಾಣದವನದು.

ಉಗ್ರಾಣದವನು ಹನ್ನೆರಡು ವರ್ಷದಿಂದ ಅವಳನ್ನು ಅಕ್ಕಾ ಎಂದು ಕರೆಯುತ್ತಿದ್ದವನು. ಅವನ ಹೆಂಡತಿಗೆ ಹೆರಿಗೆಯಾದಾಗ ರಾತ್ರಿ ಹಗಲು ಕೂತಿದ್ದವಳು ಅತ್ತೆ. ಮಾವನ ಶವ ಹೊರಗೆ ತಂದಾಗ ಒಂದು ಕಡೆ ಹೆಗಲು ಕೊಟ್ಟವನು ಅವನು. ಅವಳು ಹೋದಾಗ ಊಟ ಮಾಡುತ್ತಿದ್ದ. ಚೀಟಿಗಳ ಕಟ್ಟನ್ನು ಅವನ ತಟ್ಟೆಯ ಪಕ್ಕ ಇಟ್ಟು, "ಇದೇನು?" ಎಂದಳು.

ಅವನು ನೋಡಿದ. ಬಾಯಲ್ಲಿದ್ದದ್ದನ್ನು ನಿಧಾನವಾಗಿ ಅಗಿದು ನುಂಗಿದ.

"ರದ್ದಿ ತಾನೆ ಅಕ್ಕಾ? ಒಬ್ರು ಕೇಳಿದ್ರು, ಫೋಟೋ ಹೊಡೆದು ಕಳಿಸಿದೆ. ಬರೀ ನಂಬರು. ನಂಬರಿಂದ ಯಾರಿಗೇನಾಗುತ್ತೆ?"

"ನಿನ್ನ ಭಾವಂದೂ ಇದೆ ಇದರಲ್ಲಿ."

"ಅಯ್ಯೋ, ಗೊತ್ತಾಗ್ಲಿಲ್ಲ ಅಕ್ಕಾ. ನಾನು ಓದಲ್ಲ. ಕೆಂಪು ಇದ್ದದ್ದು ತೆಗೀತೀನಿ, ಹೊಡೀತೀನಿ, ಅಷ್ಟೆ. ಗೊತ್ತಿದ್ರೆ ನಿಮ್ದೊಂದು ತೆಗೆದಿಡ್ತಿದ್ದೆ."

ಅಷ್ಟು ಹೇಳಿ ಅವನು ಬೆರಳು ನೆಕ್ಕಿಕೊಂಡನಂತೆ. ಇದನ್ನು ನನಗೆ ಹೇಳುವಾಗ ಅತ್ತೆ ಆ ಬೆರಳಿನ ಮಾತು ಎರಡು ಸಲ ಹೇಳಿದಳು. ಅವನು ಅತ್ತಿದ್ದರೆ, ಕಾಲಿಗೆ ಬಿದ್ದಿದ್ದರೆ, ಸುಳ್ಳು ಹೇಳಿದ್ದರೂ ಅವಳಿಗೆ ಅಷ್ಟು ಅಸಹ್ಯ ಆಗುತ್ತಿರಲಿಲ್ಲ. ನಿಮ್ದೊಂದು ತೆಗೆದಿಡ್ತಿದ್ದೆ ಎಂದು ಉಪಕಾರದ ಹಾಗೆ ಹೇಳಿದ್ದ. ಉಳಿದವರ ಹೆಣಗಳು ಯಾರ ಪಾಲಾದರೂ ಸರಿ.

ಅತ್ತೆ ಕಟ್ಟನ್ನು ಹಿಡಿದುಕೊಂಡು ನೇರ ಮೇಲ್ವಿಚಾರಕರ ಕೋಣೆಗೆ ಹೋದಳು. ಅವರು ಪೂರ್ತಿ ಕೇಳಿಸಿಕೊಂಡು, ಬಾಗಿಲು ಮುಚ್ಚಿಸಿ, ದನಿ ತಗ್ಗಿಸಿ ಹೇಳಿದರು: "ನೋಡಮ್ಮಾ, ಯಾವನೋ ಒಬ್ಬ ಮಾಡಿದ್ದಕ್ಕೆ ಇಡೀ ಆಸ್ಪತ್ರೆ ಮೇಲೆ ಗೂಬೆ ಕೂರಿಸೋದು ಬೇಡ."

ಅತ್ತೆ ಕಟ್ಟನ್ನು ಸೆರಗಿನೊಳಗೆ ಇಟ್ಟುಕೊಂಡಳು. ಅವರಿಗೇನು ಗೊತ್ತು, ದಿನಾ ಆಡುವ ಮಾತು ಆಡಿದ್ದರು. "ಕೂರಿಸ್ತೀನಿ ಸಾರ್. ಅದಕ್ಕೇ ಬಂದಿರೋದು" ಎಂದು ಎದ್ದು ಬಂದಳು. ಅಂದೇ ಪೊಲೀಸು ಠಾಣೆಗೆ ಹೋಗಿ ದೂರು ಬರೆಸಿದಳು. ಬರೆದುಕೊಂಡವನು "ದುಡ್ಡು ಹೋಗಿಲ್ಲ ಅಂದ್ಮೇಲೆ ದೂರು ಏತಕ್ಕೆ" ಎಂದು ರಾಗ ಎಳೆದ. ಸಹಿ ಹಾಕಿಸಿಕೊಳ್ಳುವವರೆಗೆ ಅವಳು ಬೆಂಚು ಬಿಟ್ಟು ಏಳಲಿಲ್ಲ.

ಕೆಂಪು ಚೀಟಿಗಳು ಒಟ್ಟು ಮೂವತ್ತೆಂಟು. ಠಾಣೆಗೆ ಕೊಡುವ ಮೊದಲು ವಿಳಾಸಗಳನ್ನು ಒಂದು ನೋಟುಪುಸ್ತಕಕ್ಕೆ ಬರೆದುಕೊಂಡಿದ್ದಳು. "ನಾನೂ ಅವನ ಹಾಗೇ ನಂಬರು ಕದೀತಿದೀನಲ್ಲೇ" ಎಂದು ಬರೆಯುವಾಗ ಮುಖ ಹಿಂಡಿಕೊಂಡಿದ್ದಳು. ಮೊದಲು ಫೋನ್ ಮಾಡಿ ಎಚ್ಚರಿಸಲು ನೋಡಿದಳು. "ನಾನು ಆಸ್ಪತ್ರೆಯಿಂದ ಮಾತಾಡ್ತಿದೀನಿ, ನಿಮ್ಮ ಮನೆಯಲ್ಲಿ ತೀರಿಕೊಂಡವರ ವಿಷಯ" ಎನ್ನುತ್ತಿದ್ದ ಹಾಗೆ ಆ ಕಡೆಯ ಗಂಡಸು, "ನಾಚಿಕೆ ಆಗಲ್ವೇನ್ರೀ, ಸತ್ತವರ ಹೆಸರಲ್ಲಿ ತಿನ್ನೋಕೆ? ಇನ್ನೊಂದ್ಸಲ ಮಾಡಿದ್ರೆ ಪೊಲೀಸಿಗೆ ಕೊಡ್ತೀನಿ" ಎಂದು ಜಾಡಿಸಿದ.

"ಸರಿ ಸಾರ್, ಯಾವಾಗ್ಲೂ ಹೀಗೇ ಬೈಯ್ರಿ" ಎಂದು ಅತ್ತೆ ಫೋನ್ ಇಟ್ಟಳು. ಆ ವಾರದಲ್ಲಿ ಅವಳು ನಕ್ಕದ್ದು ಅದೊಂದೇ ಸಲ.

ಫೋನಿನಲ್ಲಿ ತಾನೂ ಆ ದನಿಯ ಹಾಗೇ ಕೇಳಿಸುತ್ತೇನೆ ಎಂದು ಅರ್ಥವಾದ ಮೇಲೆ ಮನೆಮನೆಗೆ ಹೋಗುವುದೆಂದಾಯಿತು. ನನ್ನ ಸ್ಕೂಟರಿನ ಹಿಂದೆ ಆಸ್ಪತ್ರೆಯ ಗುರುತಿನ ಚೀಟಿ ಕೊರಳಿಗೆ ಹಾಕಿಕೊಂಡು ಕೂರುತ್ತಿದ್ದಳು. ಕೆಲಸ ಮುಗಿದ ಮೇಲೆ ದಿನಕ್ಕೆ ಎರಡೋ ಮೂರೋ ಮನೆ. ಬಾಗಿಲಲ್ಲೇ ನಿಂತು ಹೇಳುತ್ತಿದ್ದಳು: "ನಂಗೇನೂ ಹೇಳ್ಬೇಡಿ, ನಿಮ್ಮ ಬ್ಯಾಂಕು ಯಾವುದು ಅಂತಾನೂ ಹೇಳ್ಬೇಡಿ. ನಾನು ಹೇಳೋದು ಕೇಳಿ ಸಾಕು. ಫೋನಿಗೆ ಬರೋ ಅಂಕಿ ಯಾರಿಗೂ ಓದ್ಬೇಡಿ. ಸಂದೇಶದಲ್ಲಿ ಬರೋ ಲಿಂಕು ಒತ್ಬೇಡಿ. ಇವತ್ತೇ ಆಗ್ಬೇಕು ಅಂತ ಅವಸರ ಮಾಡಿದ್ರೆ ಅಲ್ಲೇ ಇಟ್ಟುಬಿಡಿ. ನಿಜವಾಗ್ಲೂ ಏನಾದ್ರೂ ಬರೋದಿದ್ರೆ ನೀವೇ ಕಾಲಲ್ಲಿ ನಡೆದು ಹೋಗಿ ಕೇಳಿ."

ಏಳು ಮನೆಗಳಲ್ಲಿ ನಾವು ಹೋಗುವಷ್ಟರಲ್ಲಿ ದುಡ್ಡು ಹೋಗಿ ಎಲ್ಲ ಮುಗಿದಿತ್ತು. ಅವುಗಳಲ್ಲೊಂದು ಎಂಟು ವರ್ಷದ ಮಗಳನ್ನು ಕಳೆದುಕೊಂಡ ಗಂಡ ಹೆಂಡತಿಯ ಮನೆ. ಅವರಿಗೂ ಅದೇ ಹುಡುಗಿ ದಿನಾ ಫೋನ್ ಮಾಡಿ, ಮಗು ಯಾವ ಆಟ ಆಡುತ್ತಿತ್ತು ಎಂದು ಕೇಳಿದ್ದಳು. ಅಲ್ಲಿಂದ ಹೊರಬಂದು ನಾನು ಸ್ಕೂಟರು ಚಾಲೂ ಮಾಡಲಾಗದೆ ಹತ್ತು ನಿಮಿಷ ನಿಂತಿದ್ದೆ. ಅತ್ತೆ ರಸ್ತೆಗೆ ಉಗಿದಳು. ಅವಳು ಹಾಗೆ ಬೀದಿಯಲ್ಲಿ ಉಗಿದದ್ದನ್ನು ಅದಕ್ಕೆ ಮೊದಲು ನೋಡಿರಲಿಲ್ಲ.

ಇಪ್ಪತ್ತೊಂಬತ್ತನೆಯದು ನಿವೃತ್ತ ಭೂಮಾಪಕರೊಬ್ಬರ ಮನೆ. ಹೆಂಡತಿ ತೀರಿಕೊಂಡು ಎರಡು ತಿಂಗಳು. ಗೋಡೆ ತುಂಬ ಅವರೇ ಬರೆದ ನಕ್ಷೆಗಳು. ಮೇಜಿನ ಮೇಲೆ ಟೀ, ಪಕ್ಕದಲ್ಲಿ ಫೋನು, ಒರೆಸಿಟ್ಟ ಕನ್ನಡಕ. ಅತ್ತೆ ಹೇಳಿದ್ದನ್ನೆಲ್ಲ ಕೇಳಿ ಮುದುಕರು ಸೊಟ್ಟ ಮುಖ ಮಾಡಿದರು.

"ಆ ಹುಡುಗಿ ದಿನಾ ನಾಲ್ಕೂವರೆಗೆ ಫೋನ್ ಮಾಡ್ತಾಳೆ. ನಾನು ಮಾತ್ರೆ ತಗೊಂಡ್ನಾ ಅಂತ ಕೇಳ್ತಾಳೆ. ನೀವ್ಯಾರು? ನಿಮ್ಮನ್ನ ನಾನ್ಯಾಕೆ ನಂಬ್ಲಿ?"

"ನಂಬ್ಬೇಡಿ. ಅವಳನ್ನೂ ನಂಬ್ಬೇಡಿ" ಎಂದಳು ಅತ್ತೆ.

ಫೋನು ರಿಂಗಾಯಿತು. ಮುದುಕರು ಎತ್ತಿ, ಕಿವಿ ಮಂದವೆಂದು ಎಲ್ಲರಿಗೂ ಕೇಳುವ ಹಾಗೆ ಗುಂಡಿ ಒತ್ತಿ ಮೇಜಿನ ಮೇಲಿಟ್ಟರು.

"ಅಪ್ಪಾ, ಊಟ ಆಯ್ತಾ?"

ಅದೇ ದನಿ, ಅದೇ ಮಾತು, ಅಷ್ಟೇ ಅಕ್ಕರೆ. ಅತ್ತೆ ಮುಂದಕ್ಕೆ ಬಾಗಿದಳು.

"ಆಯ್ತಮ್ಮಾ. ಗುರುತು ಸಿಕ್ತಾ? ನಾನು ಗೂಬೆ ಹೆಂಡ್ತಿ."

ಆ ಕಡೆ ಅವಳ ಹಿಂದೆ ಇನ್ನೂ ಹತ್ತಾರು ದನಿಗಳು ಊಟ ಆಯ್ತಾ, ಊಟ ಆಯ್ತಾ ಎನ್ನುವುದು ಸಣ್ಣಗೆ ಕೇಳುತ್ತಿತ್ತು. ಆಮೇಲೆ ಕರೆ ಕಟ್ಟಾಯಿತು.

ಮುದುಕರು ಫೋನನ್ನೇ ನೋಡುತ್ತಿದ್ದರು. "ನಾಳೆ ಮಾಡ್ತಾಳಾ?" ಎಂದು ಕೇಳಿದರು.

ಮರುದಿನ ನಮ್ಮ ಜೊತೆ ಬ್ಯಾಂಕಿಗೆ ಬಂದರು, ಆದರೆ ಹತ್ತು ಹೆಜ್ಜೆ ಮುಂದೆಯೇ ನಡೆದರು. ಕಾರ್ಡಿನ ಅಂಕಿ ಆಗಲೇ ಕೊಟ್ಟಿದ್ದರು. ಅದನ್ನು ರದ್ದು ಮಾಡಿಸಿ ಹೊಸದಕ್ಕೆ ಬರೆಸಿದೆವು. ಬಾಗಿಲಲ್ಲಿ ನಿಂತು ಅತ್ತೆಯ ಕಡೆ ತಿರುಗಿ, "ನನ್ನ ಹೆಂಡತಿ ಅಡುಗೆ ಮಾಡ್ತಾ ಹಾಡ್ತಿದ್ಲು, ಯಾರಾದ್ರೂ ಬಂದ್ರೆ ನಿಲ್ಲಿಸ್ತಿದ್ಲು ಅಂತ ಅವಳಿಗೆ ಹೇಳಿದ್ದೆ. ಅದನ್ನ ವಾಪಸ್ ಇಸ್ಕೊಳ್ಳೋಕೆ ಯಾವ ಕೌಂಟರು?" ಎಂದು ಕೇಳಿ ಹೊರಟುಹೋದರು.

ಸ್ಕೂಟರಿನಲ್ಲಿ ಬರುವಾಗ ಅತ್ತೆ ನನ್ನ ಬೆನ್ನಿಗೆ ಮಾತಾಡಿದಳು. "ಒಂದು ಹೇಳ್ತೀನಿ, ಬೈಬೇಡ. ನಿನ್ನೆ ಆ ದನಿ ಕೇಳಿದ ಕೂಡ್ಲೆ ನಂಗೆ ಒಂದು ಗಳಿಗೆ ಖುಷಿ ಆಯ್ತು ಕಣೇ. ಊಟ ಆಯ್ತಾ ಅಂದ್ಲಲ್ಲ, ಹೂಂ ಮಗಳೇ ಅನ್ನೋಣ ಅನ್ನಿಸ್ತು. ಅವರ ಮೇಲಿನ ಹೇಸಿಗೆ ಹೇಗೋ ತಡ್ಕೋತೀನಿ. ಇದನ್ನ ಎಲ್ಲಿ ತೊಳೀಲಿ?"

ನಾನು ಗಾಡಿ ನಿಲ್ಲಿಸಲಿಲ್ಲ.

ಆ ಹುಡುಗಿ ಯಾರು, ಎಲ್ಲಿಂದ ಮಾತಾಡುತ್ತಿದ್ದಳು ಎಂಬುದು ಇವತ್ತಿಗೂ ಪತ್ತೆಯಾಗಿಲ್ಲ. ಉಗ್ರಾಣದವನ ಫೋನನ್ನು ಪೊಲೀಸರು ತೆಗೆದುಕೊಂಡು ಹೋದರು. ಅದರಲ್ಲಿ ಚೀಟಿಗಳ ಚಿತ್ರಗಳೆಲ್ಲ ಸಿಕ್ಕಿದವು. ಕೆಲಸ ಹೋಯಿತು, ಹದಿನೇಳು ದಿನ ಒಳಗಿದ್ದು ಜಾಮೀನಿನ ಮೇಲೆ ಹೊರಗೆ ಬಂದ. ಮೊಕದ್ದಮೆ ತಾರೀಕಿನಿಂದ ತಾರೀಕಿಗೆ ಹೋಗುತ್ತಿದೆ, ಅತ್ತೆ ಪ್ರತಿ ಸಲ ರಜೆ ಹಾಕಿ ಸಾಕ್ಷಿ ಹೇಳಲು ಹೋಗುತ್ತಾಳೆ. ಒಮ್ಮೆ ನ್ಯಾಯಾಲಯದ ಮೆಟ್ಟಿಲಿನ ಮೇಲೆ ಅವನು ಎದುರಾಗಿ, "ಆರಾಮಾ ಅಕ್ಕಾ?" ಎಂದನಂತೆ. ಅತ್ತೆ ಮೆಟ್ಟಿಲಿನ ಆ ಅಂಚಿಗೆ ಸರಿದು, ಮೈ ತಾಗದ ಹಾಗೆ ಇಳಿದು ಬಂದಳು.

ಬಟ್ಟೆ ಕೋಣೆಯಲ್ಲಿ ಅಚ್ಚಾದ ಖಾಲಿ ಚೀಟಿ ಪುಸ್ತಕಗಳು ಅರವತ್ತು ಉಳಿದಿದ್ದವು. ಪ್ರತಿ ಚೀಟಿಯ ಕೆಳಗೆ ಮನೆಯವರ ಫೋನು, ವಿಳಾಸ ಎಂಬ ಸಾಲು. ಅತ್ತೆ ಯಾರ ಅಪ್ಪಣೆಯನ್ನೂ ಕೇಳದೆ ನಾಲ್ಕು ದಿನ ಕೂತು ದೊಡ್ಡ ಕತ್ತರಿಯಿಂದ ಆ ಸಾಲನ್ನು ಕತ್ತರಿಸಿ ಹಾಕಿದಳು.

"ಹೊದಿಕೆ ಕಳೆದುಹೋದ್ರೆ ಯಾರನ್ನ ಕೇಳೋದು?" ಎಂದು ಮೇಲ್ವಿಚಾರಕರು ರೇಗಿದರು.

"ನನ್ನ ಸಂಬಳದಲ್ಲಿ ಹಿಡ್ಕೊಳ್ಳಿ" ಎಂದಳು.

ಇಲ್ಲಿಯವರೆಗೆ ಮೂರು ಹೊದಿಕೆ ಹೋಗಿವೆ. ಹಿಡಿದುಕೊಂಡಿದ್ದಾರೆ.